ಹುಣಿಸೆಮೂಲೆಯ ಏಳನೇ ಬಾತು

ಕೂತವರು ಹಾಗೇ ಕೂತಿರಿ, ನಿಂತವರು ಜಾಗ ಮಾಡಿಕೊಂಡು ಕೂತುಕೊಳ್ಳಿ. ನಡುವೆ ಎದ್ದು ಹೋಗಿ, ಬಂದು, "ಏಳನೇ ಬಾತು ಯಾವುದು" ಅಂತ ಕೇಳಿದರೆ ನಾನು ಹೇಳುವವಳಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ.

ಒಂದು ಕೆರೆ. ಕೆರೆ ಏರಿಯ ಕೆಳಗೆ ಒಂದು ಊರು. ಊರಿನ ಕೊನೆಯ ಮನೆಯಲ್ಲಿ ದುರುಗವ್ವ ಅಂತ ಒಬ್ಬಳು, ಅವಳಿಗೆ ಗಾದ್ರಿ ಅಂತ ಒಬ್ಬ ಮಗ. ಗಾದ್ರಿಗೆ ಇಪ್ಪತ್ತೆರಡು ವರ್ಷ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಎರಡು ಮೂಟೆ ರಾಗಿ ಒಟ್ಟಿಗೆ ಹೊರುವ ಬೆನ್ನು. ತಲೆ ಒಂದು ಮಾತ್ರ, ಏನು ಹೇಳಲಿ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ಸಂಜೆ ಹೊತ್ತು ಅವ್ವ "ಕೋಳಿ ಮುಚ್ಚೋ" ಅಂದರೆ ಕೋಳಿಗೆ ಕಂಬಳಿ ಹೊದಿಸಿ ಬರುತ್ತಿದ್ದ. ಊರು ಅವನನ್ನು ಪೆದ್ದ ಅಂದಿತು. ನಾನು ಅನ್ನುವುದಿಲ್ಲ, ನೀವು ಕೇಳಿ ಆಮೇಲೆ ಅನ್ನಿ.

ಅವನಿಗೆ ಇನ್ನೊಂದು ಗುಣ ಇತ್ತು. ಕೆರೆ ಕಂಡರೆ ನಿಂತುಬಿಡುತ್ತಿದ್ದ. ಚಳಿಗಾಲಕ್ಕೆ ಎಲ್ಲಿಂದಲೋ ಹಾರಿ ಬರುವ ಕೆಂಪುತಲೆಯ ಬಾತುಗಳಿದ್ದವು. ಬುಳಕ್ಕನೆ ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತಿದ್ದವು, ಅದಕ್ಕೇ ಊರವರು ಅವನ್ನು ಮುಳುಗುಬಾತು ಅನ್ನುತ್ತಿದ್ದರು. ಮುಳುಗಿದ್ದು ಏಳುವವರೆಗೂ ಗಾದ್ರಿ ಉಸಿರು ಬಿಡದೆ ನೋಡುತ್ತಿದ್ದ. ಮನೆಗೆ ಬಂದು ಕೇಳುತ್ತಿದ್ದ.

"ಅವ್ವ, ಮುಳುಗಿದ ಬಾತು ಒಳಗೆ ಏನ್ ಮಾಡ್ತೈತೆ?"

"ಮೊದ್ಲು ಒಂದು ಹಿಡ್ಕೊಂಡು ಬಾ. ಆಮ್ಯಾಲೆ ಅದನ್ನೇ ಕೇಳು."

ಹಾಗಂದು ಅವಳು ಮರೆತಳು. ಅವನು ಮರೆಯಲಿಲ್ಲ.

ಈಗ ಆ ಕೆರೆಯ ಕಟ್ಟಳೆ ಕೇಳಿ. ಇದು ಹಳೇ ಕಾಲದ ಮಾತು, ಆಗ ಬಾತು ಹಿಡಿಯಬೇಡ ಅನ್ನುವವರು ಯಾರೂ ಇರಲಿಲ್ಲ. ಬಾತು ಹಿಡಿಯುವ ಮನೆಗಳಿಗೆ ಕೆರೆಯನ್ನು ಮೂಲೆ ಮೂಲೆಯಾಗಿ ಹಂಚಿತ್ತು. ಸಂಕ್ರಾಂತಿಯ ಬೆಳಿಗ್ಗೆ, ಹೊತ್ತು ಏರಿಯ ಹುಣಿಸೆಮರದ ನೆತ್ತಿ ದಾಟುವುದರೊಳಗೆ, ಒಂದೊಂದು ಮನೆಯೂ ತನ್ನ ಮೂಲೆಯ ಒಂದು ಜೋಡಿ ಬಾತನ್ನು ಯಜಮಾನ ಕಾಟಯ್ಯನ ಜಗುಲಿಗೆ ತಂದು ಒಪ್ಪಿಸಬೇಕು. ಒಪ್ಪಿಸದ ಮನೆಯ ಮೂಲೆ ಹತ್ತಿರದ ದಾಯಾದಿಗೆ. ಇನ್ನೊಬ್ಬರ ಮೂಲೆಗೆ ಹೇಳದೆ ಕೇಳದೆ ಇಳಿದವನಿಗೆ ವರ್ಷ ಪೂರ್ತಿ ಕೆರೆಯೇ ಇಲ್ಲ.

ದುರುಗವ್ವನದು ಆ ಹುಣಿಸೆಮರದ ಕೆಳಗಿನ ಮೂಲೆ. ಕೊರಳುದ್ದ ನೀರು, ತಳದಲ್ಲಿ ಬಾತು ತಿನ್ನುವ ಗೆಡ್ಡೆ. ಕೆರೆಗೆಲ್ಲ ಅಷ್ಟು ಒಳ್ಳೆಯ ಮೂಲೆ ಇನ್ನೊಂದಿಲ್ಲ. ಗಂಡ ತೀರಿಹೋದ ಮೇಲೆ ಇದು ಮೊದಲನೆಯ ಸಂಕ್ರಾಂತಿ. ಪಕ್ಕದ ಮೂಲೆ ಗಂಡನ ತಮ್ಮ ಓಬಯ್ಯನದು, ದಾಯಾದಿ ಅಂದರೂ ಅವನೇ. ಅವನು ದಿನಾ ಒಂದು ಸಲ ಅತ್ತಿಗೆಯ ಮನೆ ಮುಂದೆ ಹಾದು, "ಬಾತು ಬಿತ್ತೇನ್ ಅತ್ತಿಗೆ?" ಅಂತ ವಿಚಾರಿಸಿಕೊಂಡು ಹೋಗುತ್ತಿದ್ದ. ವಿಚಾರಿಸುವಾಗ ಅವನ ಮುಖ ನೋಡಬೇಕಿತ್ತು ನೀವು.

ದುರುಗವ್ವನಿಗೆ ಉಣ್ಣುವ ಚಿಂತೆ ಇತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಗಂಡ ಮೂವತ್ತು ವರ್ಷ ನಿಂತ ನೀರಿಗೆ ಮೈದುನ ಇಳಿಯುವುದನ್ನು ಕಣ್ಣಲ್ಲಿ ನೋಡಬೇಕಲ್ಲ ಅನ್ನುವುದು. ತಾನೇ ಇಳಿಯೋಣ ಅಂದರೆ ಮೊಣಕಾಲು ಊದಿ ಕುಂಬಳಕಾಯಿ ಆಗಿತ್ತು. ಇನ್ನು ನಾಲ್ಕು ದಿನ ಇದೆ ಅನ್ನುವಾಗ ಅಟ್ಟದಿಂದ ಗಂಡನ ಗೋಣಿಚೀಲ ಇಳಿಸಿದಳು.

ಚೀಲದೊಳಗೆ ಹನ್ನೆರಡು ಬಾತು. ಹಾಲುವಾಣದ ಹಗುರ ಮರದಲ್ಲಿ ಗಂಡ ಕೆತ್ತಿದ್ದು, ತಲೆಗೆ ಕೆಮ್ಮಣ್ಣು, ಎದೆಗೆ ಮಸಿ. ಇವನ್ನು ನೀರಿನ ಮೇಲೆ ತೇಲಿಬಿಟ್ಟರೆ ಆಕಾಶದಲ್ಲಿ ಹೋಗುವ ಬಾತು ನಮ್ಮವರೇ ಅಂತ ಇಳಿಯುತ್ತವೆ. ಇಳಿದು ಮುಳುಗುತ್ತವೆ. ಮುಳುಗಿದರೆ ಒಳಗೆ ಬಲೆ. ಹೀಗೆ ಆಸೆ ತೋರಿಸುವ ಹಕ್ಕಿಗೆ ದೀವ ಅಂತಾರೆ.

"ಕೇಳ್ಲಾ ಮಗ," ಅಂದಳು ದುರುಗವ್ವ. "ದೀವನ ಸುಮ್ನೆ ಬಿಟ್ರೆ ತೇಲ್ಕೊಂಡು ಹೋಗ್ತವೆ. ಒಂದೊಂದಕ್ಕೂ ಒಂದು ಕಲ್ಲು ಕಟ್ಟಿ ನೀರಿಗೆ ಬಿಡು. ಬಿಟ್ಟು ದಡದಾಗೆ ಕಾಯಿ."

"ಕಲ್ಲು ಕಟ್ತೀನಿ. ಬಿಡ್ತೀನಿ. ಕಾಯ್ತೀನಿ," ಅಂದ ಗಾದ್ರಿ.

ಹೋದ. ಹನ್ನೆರಡು ಕಲ್ಲು ಆರಿಸಿದ. ಹನ್ನೆರಡು ಬಾತಿನ ಹೊಟ್ಟೆಗೆ ಹನ್ನೆರಡು ಕಲ್ಲನ್ನು ಒತ್ತಿ ಹಿಡಿದು, ಅಲ್ಲಾಡದ ಹಾಗೆ ಬಿಗಿದು ಕಟ್ಟಿದ. ಒಂದೊಂದೇ ನೀರಿಗೆ ಬಿಟ್ಟ. ಒಂದೊಂದೇ ಮುಳುಗಿತು. ಅವನು ದಡದಲ್ಲಿ ಕೂತು ಕಾದ. ಹೊತ್ತು ನೆತ್ತಿಗೆ ಬಂತು, ಕಾದ. ಹೊತ್ತು ಇಳಿಯಿತು, ಕಾದ. ಸಂಜೆಗೆ ದುರುಗವ್ವ ಕೋಲೂರಿಕೊಂಡು ಏರಿ ಮೇಲೆ ಬಂದು ನೋಡಿದರೆ ಬರಿಯ ನೀರು.

"ದೀವ ಎಲ್ಲೋ?"

"ಮುಳುಗಿದ್ವು ಕಣವ್ವ."

"ಮುಳುಗಿದ್ವಾ? ನೀನ್ ಏನ್ ಮಾಡ್ತಿದೀಯ?"

"ಮೇಲಕ್ಕೆ ಬರ್ಲಿ ಅಂತ ಕಾಯ್ತಿದೀನಿ. ಮುಳುಗುಬಾತು ಅಲ್ವೇನವ್ವ? ಬೇರೆಯವು ಇಷ್ಟೊತ್ತು ಒಳಗೆ ಇರಾಕಿಲ್ಲ. ಅಪ್ಪ ಕೆತ್ತಿದ್ದು ಭಾರಿ ಉಸಿರು ಹಿಡೀತವೆ."

ದುರುಗವ್ವ ಹಣೆ ಹಣೆ ಚಚ್ಚಿಕೊಂಡಳು. ಗಾದ್ರಿ ಮುಳುಗಿ ಹನ್ನೆರಡನ್ನೂ ಎತ್ತಿಕೊಂಡು ಬಂದ. ಅದರಲ್ಲಿ ಅವನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ, ನೀರೊಳಗೆ ಒಂದು ವೀಳ್ಯ ಅಗಿಯುವಷ್ಟು ಹೊತ್ತು ಇರುತ್ತಿದ್ದ. ಆದರೆ ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ.

"ಕಲ್ಲನ್ನ ಹೊಟ್ಟೆಗೆ ಕಟ್ತಾರೇನ್ಲಾ? ಹುರಿ ಬಿಡ್ಬೇಕು, ಹುರಿ. ಕಲ್ಲು ತಳದಾಗೆ ಕೂರ್ಬೇಕು, ಬಾತು ಮೇಲೆ ತೇಲ್ಬೇಕು. ನೀರು ಎಷ್ಟು ಆಳ ಐತೋ ಅಳೆದು, ಅದಕ್ಕೆ ಒಂದು ಮೊಳ ಜಾಸ್ತಿ ಬಿಡ್ಬೇಕು. ನಾಳೆ ಮನೇಲೇ ಅಳತೆ ಮಾಡಿ ಕಟ್ಕೊಂಡು ಹೋಗು, ಅಲ್ಲಿ ಹೋಗಿ ಪರದಾಡ್ಬೇಡ."

"ಮನೇಲೇ ಅಳತೆ. ಒಂದು ಮೊಳ ಜಾಸ್ತಿ," ಅಂದ ಗಾದ್ರಿ.

ಎರಡನೇ ದಿನ. ಕೋಳಿ ಕೂಗುವಾಗಲೇ ಎದ್ದ. ಹಿತ್ತಿಲ ಬಾವಿಗೆ ಕಲ್ಲು ಕಟ್ಟಿದ ಹುರಿ ಇಳಿಬಿಟ್ಟ. ಒಂದಾಳುದ್ದ, ಎರಡಾಳುದ್ದ ಅಂತ ಅಳೆದ. ಎಂಟು ಆಳು. ಎಂಟು ಆಳು ಮೇಲೆ ಒಂದು ಮೊಳ. ಮನೆಯಲ್ಲಿದ್ದ ಹುರಿ ಮುಗಿಯಿತು, ಹಗ್ಗ ಮುಗಿಯಿತು, ಎಮ್ಮೆಯ ಕಣ್ಣಿ ಬಿಚ್ಚಿದ, ಕೊನೆಗೆ ಬಟ್ಟೆ ಒಣಹಾಕುವ ದಾರವನ್ನೂ ಬಿಚ್ಚಿಕೊಂಡು ಹೋದ. ಕೆರೆಯಲ್ಲಿ ನೀರು ಕೊರಳುದ್ದ. ಎಂಟು ಆಳು ಹುರಿ ಬಿಟ್ಟರೆ ಏನಾಗುತ್ತದೆ? ನೀವೇ ಹೇಳಿ. ಕಲ್ಲು ಹುಣಿಸೆಮೂಲೆಯಲ್ಲಿ ಕೂತಿತು, ಗಾಳಿ ಬಂತು, ದೀವ ಎಲ್ಲ ಸಾಲಾಗಿ ತೇಲಿಕೊಂಡು ಓಬಯ್ಯನ ಮೂಲೆಗೆ ಹೋದವು. ಅಲ್ಲಿ ಒಂದಕ್ಕೊಂದು ಸುತ್ತಿಕೊಂಡು ಹನ್ನೆರಡೂ ಒಂದೇ ಗಂಟಾದವು. ಮೇಲೆ ಹಾರುತ್ತಿದ್ದ ಬಾತು, ಇದೇನಪ್ಪ ಜಾತ್ರೆ ಅಂತ ಅಲ್ಲಿಗೇ ಇಳಿದವು. ಓಬಯ್ಯ ಕೂತಲ್ಲೇ ಐದು ಜೋಡಿ ಹಿಡಿದ.

ಸಂಜೆ ಅವನೇ ಗಂಟನ್ನು ತಂದು ಅತ್ತಿಗೆಯ ಅಂಗಳದಲ್ಲಿ ಇಟ್ಟು, "ನಿಮ್ಮ ಮಗ ಒಳ್ಳೇವ್ನು ಅತ್ತಿಗೆ, ದಿನಾ ಕಳಿಸಿ," ಅಂತ ಹೇಳಿ ಹೋದ.

"ಯಾವ ನೀರು ಅಳೆದ್ಯೋ?" ಅಂದಳು ದುರುಗವ್ವ.

"ನಮ್ಮನೆ ನೀರು ಕಣವ್ವ. ಮನೇಲೇ ಅಳೀ ಅಂದ್ಯಲ್ಲ."

ಅವಳು ಗಂಟು ಬಿಡಿಸುತ್ತ ಕೂತಳು, ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಗಂಟು ದೊಡ್ಡದಿತ್ತು, ಬೈಗುಳ ಮುಗಿದರೂ ಅದು ಮುಗಿಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು.

"ಬಿಡೋ ಜಾಗದಾಗೆ ಅಳೀಬೇಕು. ಒಂದಕ್ಕೊಂದು ತಗಲ್ಬಾರ್ದು, ಬಾತಿಂದ ಬಾತಿಗೆ ಎರಡು ಮಾರು. ನಡುವೆ ಜಾಗ ಬಿಡು, ಬಂದೋರು ಇಳೀಬೇಕಲ್ಲ, ಅಲ್ಲೇ ಬಲೆ ಹಾಕು. ಮುಖ ಗಾಳಿ ಕಡೆಗಿರ್ಲಿ. ಗಾಳಿಗೆ ಬೆನ್ನು ಕೊಟ್ಟು ಕೂರೋ ಬಾತು ಎಲ್ಲೂ ಇಲ್ಲ. ಎತ್ತೋವಾಗ ಒಂದೊಂದೇ ಎತ್ತಿ, ಹುರೀನ ಮೈಗೆ ಸುತ್ತಿ, ಕಲ್ಲನ್ನ ರೆಕ್ಕೆ ಸಂದೀಲಿ ಸಿಗಿಸಿ, ಆಮ್ಯಾಲೆ ಚೀಲಕ್ಕೆ. ಗೊತ್ತಾಯ್ತಾ?"

"ಎರಡು ಮಾರು. ಬಂದೋರಿಗೆ ಜಾಗ. ಗಾಳಿಗೆ ಮುಖ. ಮೈಗೆ ಹುರಿ, ಸಂದೀಲಿ ಕಲ್ಲು, ಆಮ್ಯಾಲೆ ಚೀಲ," ಅಂದ ಗಾದ್ರಿ. ಒಂದೂ ತಪ್ಪಲಿಲ್ಲ. ಅದೇ ನೋಡಿ ವಿಚಿತ್ರ, ಅವನು ಯಾವತ್ತೂ ಒಂದೂ ತಪ್ಪುತ್ತಿರಲಿಲ್ಲ.

ಮೂರನೇ ದಿನ. ಕೆರೆಯಲ್ಲೇ ಅಳೆದ. ಎರಡು ಮಾರಿಗೊಂದು ದೀವ ಬಿಟ್ಟ. ನಡುವೆ ಜಾಗ ಬಿಟ್ಟು ಬಲೆ ಹಾಕಿದ. ಹುರಿಯನ್ನು ಬಾತಿನ ಎದೆಗೆ ಕಟ್ಟಿದರೆ ಅದು ತಾನಾಗಿ ಗಾಳಿಗೆ ಮುಖ ಮಾಡುತ್ತದೆ. ಎದೆಗೆ ಅಂತ ಅವ್ವ ಹೇಳಿರಲಿಲ್ಲ, ಇವನು ಬಾಲಕ್ಕೆ ಕಟ್ಟಿದ್ದ. ಹನ್ನೆರಡೂ ಗಾಳಿಗೆ ಬೆನ್ನು ಹಾಕಿದವು. ಗಾದ್ರಿ ನೀರಿಗಿಳಿದು ಒಂದನ್ನು ತಿರುಗಿಸಿದ. ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ವಾಪಸ್ ತಿರುಗಿತು. ಹೀಗೆ ಹನ್ನೆರಡನ್ನೂ ಸುತ್ತುತ್ತ ಬೆಳಗಿಂದ ನೀರಲ್ಲೇ ಇದ್ದಾನೆ, ಓಬಯ್ಯ ಹರಿಗೋಲಲ್ಲಿ ಬಂದ.

"ಏನಪ್ಪ ಗಾದ್ರಿ, ನಡುವೆ ಇಷ್ಟು ಜಾಗ ಬಿಟ್ಟಿದೀಯ. ಯಾರಿಗೆ?"

"ಬಂದೋರಿಗೆ ಚಿಗಪ್ಪ."

"ನಾನು ಬಂದಿದೀನಲ್ಲ."

ಗಾದ್ರಿ ಯೋಚನೆ ಮಾಡಿದ. ಬಂದಿದ್ದು ನಿಜ. "ಹಂಗಾದ್ರೆ ಇಳಿ ಚಿಗಪ್ಪ. ಬಲೆ ಹಾಕೈತೆ," ಅಂದ.

ಕರೆದ ಮೇಲೆ ಇಳಿದರೆ ಕಟ್ಟಳೆಯಲ್ಲಿ ತಪ್ಪೇನಿಲ್ಲ. ಓಬಯ್ಯ ಇಳಿದ. ಮೊದಲು ಹುರಿಯನ್ನೆಲ್ಲ ಬಾಲದಿಂದ ಎದೆಗೆ ಬದಲಾಯಿಸಿದ, ತನ್ನ ಲಾಭಕ್ಕೆ ಅಷ್ಟು ಉಪಕಾರ ಮಾಡಿದ. ಮಧ್ಯಾಹ್ನದೊಳಗೆ ಗಾದ್ರಿಯ ದೀವ, ಗಾದ್ರಿಯ ಬಲೆ, ಗಾದ್ರಿಯ ಮೂಲೆಯಿಂದ ನಾಲ್ಕು ಬಾತು ಹಿಡಿದುಕೊಂಡು ಹೋದ. ಗಾದ್ರಿ ಹರಿಗೋಲು ಹಿಡಿದುಕೊಂಡಿದ್ದ, ಅಲ್ಲಾಡದಿರಲಿ ಅಂತ.

"ಅಯ್ಯೋ ನನ್ನ ಹಣೆಬರಹ," ಅಂದಳು ದುರುಗವ್ವ. "ಜಾಗ ಬಿಡು ಅಂದಿದ್ದು ಬಾತಿಗೆ ಕಣೋ."

"ಬಾತೂ ಬಂದ್ವು ಕಣವ್ವ. ಚಿಗಪ್ಪ ಮೊದ್ಲು ಬಂದ."

ಅವಳಿಗೆ ಅಳುವೂ ಬಂತು, ನಗುವೂ ಬಂತು. ಅಳುವುದೇ ಮೊದಲಾಯಿತು. ಕಣ್ಣೊರೆಸಿಕೊಂಡು ಹೇಳಿದಳು. "ನಾಳೆ ಇನ್ನು ನೀನು ಜೊಂಡಿನ ಮರೇಲಿ ಕೂತ್ಕೋ. ಯಾರು ಬಂದ್ರೂ ಮಾತಾಡ್ಬೇಡ. ಏನಾದ್ರೂ ಅಲ್ಲಾಡ್ಬೇಡ. ನೀನು ಅಲ್ಲಿದೀಯ ಅನ್ನೋದೇ ಗೊತ್ತಾಗ್ಬಾರ್ದು."

"ಯಾರು ಬಂದ್ರೂ ಮಾತಾಡಾಕಿಲ್ಲ. ಏನಾದ್ರೂ ಅಲ್ಲಾಡಾಕಿಲ್ಲ," ಅಂದ ಗಾದ್ರಿ. ಮಲಗುವಾಗ ಮತ್ತೆ ಕೇಳಿದ. "ಅವ್ವ, ಒಳಗೆ ಏನ್ ಮಾಡ್ತವೆ?"

"ಮಲಕ್ಕೋ," ಅಂದಳು. ಅವನು ಆ ಕ್ಷಣವೇ ಮಲಗಿ ನಿದ್ದೆ ಹೋದ.

ನಾಲ್ಕನೇ ದಿನ. ಎಲ್ಲವೂ ಸರಿಯಾಯಿತು. ಕೇಳಿ, ಎಲ್ಲವೂ. ಆಳ ಸರಿ, ಮಾರು ಸರಿ, ಎದೆಗೆ ಹುರಿ, ಗಾಳಿಗೆ ಮುಖ. ಗಾದ್ರಿ ಜೊಂಡಿನಲ್ಲಿ ಕಲ್ಲಿನ ಹಾಗೆ ಕೂತ. ಒಂದು ಹಿಂಡು ಬಂತು, ಸುತ್ತು ಹಾಕಿತು, ನಡುವಿನ ಜಾಗಕ್ಕೆ ಇಳಿಯಿತು. ಬುಳಕ್ ಬುಳಕ್ ಅಂತ ಮುಳುಗಿದವು. ಮೂರು ಬಾತು ಬಲೆಗೆ ಬಿದ್ದವು. ಹೋಗಿ ಹಿಡಿದುಕೊಳ್ಳುವುದೊಂದು ಬಾಕಿ.

ಗಾದ್ರಿ ಅಲ್ಲಾಡಲಿಲ್ಲ.

ಬಾತು ಒದ್ದಾಡಿದವು, ರೆಕ್ಕೆ ಬಡಿದವು. ಹಳೇ ಬಲೆ ಚರಚರ ಹರಿಯಿತು. ಮೂರೂ ಹಾರಿಹೋದವು. ಗಾದ್ರಿ ಕಣ್ಣು ಮಾತ್ರ ಹೊರಳಿಸಿ ನೋಡಿದ.

ಹೊತ್ತು ಇಳಿಯಿತು. ಮಗ ಬರಲಿಲ್ಲ ಅಂತ ದುರುಗವ್ವ ಕುಂಟುತ್ತ ಬಂದಳು. ನೀರಿನ ಮೇಲೆ ಹರಿದ ಬಲೆ ತೇಲುತ್ತಿದೆ. ದೀವ ಇದೆ, ಮಗ ಇಲ್ಲ. "ಗಾದ್ರೀ," ಅಂತ ಕೂಗಿದಳು. ಅವನು ಮೂರು ಮಾರು ದೂರದಲ್ಲಿ ಜೊಂಡಿನೊಳಗೆ ಕೂತಿದ್ದಾನೆ. ಅವ್ವ ಬಂದಳು, ಮಾತಾಡಬಾರದು. "ಗಾದ್ರೀ, ಎಲ್ಲಿದೀಯೋ ಮಗ." ಅಲ್ಲಾಡಬಾರದು. ಅವಳು ಸೀರೆ ಎತ್ತಿ ಕಟ್ಟಿ, ಊದಿದ ಕಾಲಲ್ಲೇ ನೀರಿಗಿಳಿದಳು. ಬಲೆಯನ್ನು ಎಳೆದು ಎಳೆದು ನೋಡಿದಳು. "ನಂಗೆ ಬಾತು ಬ್ಯಾಡ ಕಣೋ, ಮೂಲೆ ಬ್ಯಾಡ ಕಣೋ, ನೀನು ಎದ್ದು ಬಾರೋ," ಅಂತ ನೀರಿಗೆ ಕೈ ಬಡಿದು ಅತ್ತಳು. ಗಾದ್ರಿಯ ಕಣ್ಣಲ್ಲೂ ನೀರು ಇಳಿಯಿತು. ಆದರೂ ಅಲ್ಲಾಡಲಿಲ್ಲ, ಅವ್ವನ ಮಾತು ಮೀರಿದವನಲ್ಲ ಅವನು. "ಎದ್ದು ಬಾರೋ" ಅಂದದ್ದು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಕೂಡಲೇ ಎದ್ದು ಬಂದ.

ಅವಳು ಮೊದಲು ತಬ್ಬಿಕೊಂಡಳು. ಆಮೇಲೆ ಹೊಡೆದಳು. ಆಮೇಲೆ ಮತ್ತೆ ತಬ್ಬಿಕೊಂಡಳು.

"ಬಾತು ಬಿದ್ದಿದ್ವೇನೋ?"

"ಮೂರು ಬಿದ್ದಿದ್ವು. ಹೋದ್ವು."

"ಕಣ್ಣೆದುರಿಗೇ ಹೋದ್ವಾ?"

"ಕಣ್ಣೆದುರಿಗೇ ಕಣವ್ವ. ಚೆನ್ನಾಗಿ ಹೋದ್ವು."

ಬೈಯಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಬಲೆ ಇಲ್ಲ. ಬೆಳಗಾದರೆ ಸಂಕ್ರಾಂತಿ. ಮನೆಗೆ ಬಂದು ಅಟ್ಟ ತಡಕಿ, ಗಂಡ ಕೊನೆಗಾಲದಲ್ಲಿ ಮುಟ್ಟದೆ ಬಿಟ್ಟಿದ್ದ ಒಂದು ದೊಡ್ಡ ಸೋರೆಬುರುಡೆ ತೆಗೆದಳು. ತಲೆಗೆ ತೊಡಿಸಿಕೊಳ್ಳುವಷ್ಟು ದೊಡ್ಡದು, ಕಣ್ಣಿಗೆ ಎರಡು ತೂತು.

"ಇದು ಕೊನೇದು ಕಣಪ್ಪ. ನಿಮ್ಮಪ್ಪ ಚಿಕ್ಕವಯಸ್ಸಲ್ಲಿ ಹಿಂಗೇ ಹಿಡೀತಿದ್ದ. ಇದನ್ನ ಹಾಕ್ಕೊಂಡು ಕೊರಳುದ್ದ ನೀರಾಗೆ ದೀವದ ನಡುವೆ ನಿಂತ್ಕೋ. ಬಾತು ಬುರುಡೆ ಅಂದ್ಕೊಂಡು ಹತ್ರಕ್ಕೆ ಬರ್ತವೆ. ನೀರೊಳಗೆ ಕೈ ಆಡಿಸ್ತಿರು. ಕಾಲು ಸಿಕ್ತು ಅಂದ್ರೆ ಹಿಡಿ, ಬಿಡಬ್ಯಾಡ. ಹಿಡಿದಿದ್ದನ್ನ ತಕ್ಷಣ ಕಟ್ಟು, ಇವತ್ತಿನಂಗೆ ಬಿಟ್ಟು ನೋಡ್ತಾ ನಿಲ್ಬ್ಯಾಡ. ಆದ್ಮೇಲೆ ಚೀಲ ಹೊತ್ಕೊಂಡು ಸೀದಾ ಯಜಮಾನ್ರ ಜಗುಲಿಗೆ ಬಾ. ನಾನು ಅಲ್ಲೇ ಇರ್ತೀನಿ."

"ಬುರುಡೆ ಹಾಕ್ಕೊಂಡು ನಿಂತ್ಕೊತೀನಿ. ಕಾಲು ಸಿಕ್ಕಿದ್ರೆ ಹಿಡೀತೀನಿ. ಹಿಡಿದಿದ್ದನ್ನ ಕಟ್ತೀನಿ. ಚೀಲ ಹೊತ್ಕೊಂಡು ಸೀದಾ ಜಗುಲಿಗೆ ಬರ್ತೀನಿ."

ಅವಳು ಅವನ ಮುಖವನ್ನೇ ನೋಡಿದಳು. ಎಲ್ಲ ಸರಿಯಾಗಿ ಹೇಳಿದ್ದ. ಅದಕ್ಕೇ ಅವಳಿಗೆ ಭಯವಾಯಿತು.

ಸಂಕ್ರಾಂತಿ ಬೆಳಿಗ್ಗೆ. ಕಾಟಯ್ಯನ ಜಗುಲಿಯ ಮುಂದೆ ಜನ ಸೇರಿತ್ತು. ಮನೆ ಮನೆಯವರು ಜೋಡಿ ಬಾತು ತಂದು ಒಪ್ಪಿಸಿ, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ನಿಂತರು. ಓಬಯ್ಯನ ಹೆಂಡತಿಯೂ ಒಂದು ಜೋಡಿ ತಂದಿಟ್ಟಳು. ಓಬಯ್ಯ ಎಲ್ಲೂ ಕಾಣಲಿಲ್ಲ. ಹೊತ್ತು ಹುಣಿಸೆಮರದ ನೆತ್ತಿಗೆ ಇನ್ನು ಒಂದು ಗೇಣು ಇದೆ ಅನ್ನುವಾಗ ಗಾದ್ರಿ ಬಂದ. ಮೈಯೆಲ್ಲ ನೀರು, ಬೆನ್ನ ಮೇಲೆ ತುಂಬಿದ ಚೀಲ. ದುರುಗವ್ವನಿಗೆ ಜೀವ ಬಂದ ಹಾಗಾಯಿತು.

"ಸುರಿಯಪ್ಪ, ನೋಡಾಣ," ಅಂದ ಯಜಮಾನ ಕಾಟಯ್ಯ.

ಗಾದ್ರಿ ಚೀಲ ಬೋರಲು ಹಾಕಿದ. ಟಕಟಕಟಕ ಅಂತ ಹನ್ನೆರಡು ಮರದ ಬಾತು ಜಗುಲಿಯ ಮೇಲೆ ಉರುಳಿದವು.

ಜನ ನಕ್ಕ ನಗೆಗೆ ಕಾಗೆ ಹಾರಿದವು. ದುರುಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಟಯ್ಯ ನಗಲಿಲ್ಲ. ಒಂದು ವಿಷಯ ಅವನ ಕಣ್ಣಿಗೆ ಬಿದ್ದಿತ್ತು.

"ಗಾದ್ರಿ, ಇವಕ್ಕೆ ಹುರಿ ಎಲ್ಲಪ್ಪ? ಏಳು ಬಾತಿನ ಹುರೀನೇ ಇಲ್ಲ."

"ಬಿಚ್ಕೊಂಡೆ ಯಜಮಾನ್ರೇ. ಬಾತು ಕಟ್ಟಾಕೆ ಹುರಿ ಬೇಕಾಯ್ತು."

"ಯಾವ ಬಾತು?"

"ಹಿಡಿದಿದ್ದು. ಅವ್ವ ಹಿಡಿ ಅಂತು, ಹಿಡಿದೆ. ಕಟ್ಟು ಅಂತು, ಕಟ್ಟಿದೆ. ಚೀಲ ಹೊತ್ಕೊಂಡು ಬಾ ಅಂತು, ಬಂದೆ. ಬಾತು ತಗೊಂಡು ಬಾ ಅನ್ನಲಿಲ್ಲ."

"ಎಷ್ಟು ಹಿಡಿದೆ?"

"ಏಳು. ಆರು ಸಣ್ಣವು, ಒಂದು ದೊಡ್ಡದು. ದೊಡ್ಡದು ಭಾರಿ ಒದೀತು."

ಕಾಟಯ್ಯ ಕೋಲು ತೆಗೆದುಕೊಂಡು ಎದ್ದ. ಅವನ ಹಿಂದೆ ದುರುಗವ್ವ, ಅವಳ ಹಿಂದೆ ಊರು. ಏರಿ ಹತ್ತಿ ಹುಣಿಸೆಮರದ ಕೆಳಗೆ ನಿಂತು ನೋಡಿದರು.

ನೀರಿನ ಮೇಲೆ ಆರು ಬಾತು. ಮರದವಲ್ಲ, ಜೀವದವು. ಒಂದೊಂದರ ಕಾಲಿಗೂ ಹುರಿ, ಹುರಿಯ ಕೊನೆಗೆ ಕಲ್ಲು, ಆಳಕ್ಕಿಂತ ಒಂದು ಮೊಳ ಜಾಸ್ತಿ. ಬಾತಿಂದ ಬಾತಿಗೆ ಎರಡು ಮಾರು. ಎಲ್ಲವೂ ಗಾಳಿಗೆ ಮುಖ ಮಾಡಿ ಕೂತಿವೆ. ನಡುವಿನ ಜಾಗದಲ್ಲಿ, ಹೇಳಿದರೆ ನಂಬುವುದಿಲ್ಲ ನೀವು, ಇನ್ನೂರು ಮುನ್ನೂರು ಬಾತು ಇಳಿದಿವೆ. ಆ ಕೆರೆಯಲ್ಲಿ ಹುಟ್ಟಿ ಬೆಳೆದವರೂ ಒಂದು ಮೂಲೆಯಲ್ಲಿ ಅಷ್ಟು ಬಾತು ಕಂಡಿರಲಿಲ್ಲ.

ಆರು ಬಾತು ಮುಗಿದು ಎರಡು ಮಾರು ಆದ ಮೇಲೆ ಏಳನೆಯದು. ಓಬಯ್ಯ.

ಕೊರಳುದ್ದ ನೀರಿನಲ್ಲಿ ನಿಂತಿದ್ದ. ಹಲ್ಲು ಕಟಕಟ ಅನ್ನುತ್ತಿದ್ದವು. ಅವನೂ ಗಾಳಿಗೆ ಮುಖ ಮಾಡಿದ್ದ.

ಆದದ್ದು ಇಷ್ಟು. ಮೂಲೆಯಲ್ಲಿ ಬಾತು ಕೂತಿವೆ, ಗಾದ್ರಿ ಇಲ್ಲ, ಬರಿ ಒಂದು ಸೋರೆಬುರುಡೆ ತೇಲುತ್ತಿದೆ ಅಂತ ನೋಡಿದ ಓಬಯ್ಯ, ಕುಡುಗೋಲು ಹಿಡಿದು ಮೆಲ್ಲಗೆ ನೀರಿಗಿಳಿದಿದ್ದ. ಹುರಿ ಕೊಯ್ದು ಬಾತು ಹಾರಿಸಿಬಿಟ್ಟರೆ ಜಗುಲಿಗೆ ಏನೂ ಹೋಗುವುದಿಲ್ಲ, ಮೂಲೆ ತನಗೆ. ಮೊದಲನೇ ಹುರಿಗೆ ಕೈ ಹಾಕುವಾಗ ಬುರುಡೆ ಬುಳಕ್ಕನೆ ಮುಳುಗಿತು. ಯಾರೋ ಎರಡು ಕಾಲನ್ನೂ ಜೋಡಿಸಿ ಹಿಡಿದರು. ಕುಡುಗೋಲು ಜಾರಿತು. ಒಂದು ವೀಳ್ಯ ಅಗಿಯುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿತ್ತು.

"ಚಿಗಪ್ಪ ಅಂತ ಗೊತ್ತಾಗ್ಲಿಲ್ಲೇನೋ?" ಅಂದ ಕಾಟಯ್ಯ.

"ಗೊತ್ತಾಯ್ತು ಯಜಮಾನ್ರೇ. ಆದ್ರೆ ಕಾಲು ಸಿಕ್ತು. ಕಾಲು ಸಿಕ್ಕಿದ್ರೆ ಬಿಡಬ್ಯಾಡ ಅಂದಿತ್ತು ಅವ್ವ. ಬಾತು ದೊಡ್ಡದು ಅಂತ ಬೀಸುಕಲ್ಲಿನಷ್ಟು ಕಲ್ಲು ಹುಡುಕಿ ಕಟ್ಟಿದೆ. ಮುಖ ಮಾತ್ರ ನಿಲ್ತಾನೇ ಇರ್ಲಿಲ್ಲ, ಮೂರು ಸಲ ತಿರುಗಿಸ್ದೆ."

ಕಾಟಯ್ಯ ನೀರಿನ ಕಡೆ ತಿರುಗಿದ. "ಓಬಯ್ಯ, ಇವತ್ತು ನಿನ್ನ ಕರೆದೋರು ಯಾರು?"

ಓಬಯ್ಯ ಮುಖವನ್ನು ಆಚೆ ದಡಕ್ಕೆ ತಿರುಗಿಸಿಕೊಂಡ.

"ಹಂಗಾದ್ರೆ ವರ್ಷ ಪೂರ್ತಿ ನಿಂಗೆ ಕೆರೆ ಇಲ್ಲ. ಹುಣಿಸೆಮೂಲೆ ದುರುಗವ್ವಂದು, ಅವಳಾದ್ಮೇಲೆ ಅವಳ ಮಗಂದು. ಹೊತ್ತು ದಾಟೋದ್ರೊಳಗೆ ಒಂದು ಜೋಡಿ ಜಗುಲಿಗೆ ಬರ್ಲಿ, ಕಟ್ಟಳೆ ಕಟ್ಟಳೆನೇ."

ದುರುಗವ್ವ ದಡದಲ್ಲಿ ಕೂತುಬಿಟ್ಟಳು. ಗಂಡ ಇದ್ದಿದ್ದರೆ ಇದನ್ನು ನೋಡುತ್ತಿದ್ದ ಅಂದುಕೊಂಡಳು. ಮಗನ ಒದ್ದೆ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಬೈಯುವುದಕ್ಕಲ್ಲದೆ, ತಿಳಿಯುವುದಕ್ಕೆ ಅಂತ ಅವಳು ಅವನನ್ನು ಕೇಳಿದ್ದು ಅವತ್ತೇ ಮೊದಲು.

"ಗಾದ್ರಿ, ಒಳಗೆ ಏನ್ಲಾ ಮಾಡ್ತವೆ ಅವು?"

"ಹಿಡಿದ ಮೇಲೆ ಅದನ್ನೇ ಕೇಳು ಅಂದಿದ್ಯಲ್ಲ. ಆರನ್ನೂ ಕೇಳ್ದೆ ಕಣವ್ವ, ಒಂದೂ ಬಾಯಿ ಬಿಡಲಿಲ್ಲ. ಆಮ್ಯಾಲೆ ನಾನೇ ಮುಳುಗಿ, ಕಣ್ಣು ಬಿಟ್ಕೊಂಡು ನೋಡ್ದೆ. ಒಂದು ಬಾತು ಗೆಡ್ಡೆ ಕೀಳೋದು ಬಿಟ್ಟು ನಂಗೆದುರಾಗಿ ನಿಂತಿತ್ತು."

"ಏನ್ ಮಾಡ್ತಿತ್ತು?"

"ನಾನು ಏನ್ ಮಾಡ್ತೀನಿ ಅಂತ ನೋಡ್ತಿತ್ತು."

ದುರುಗವ್ವ ಸೆರಗಿನಿಂದ ಅವನ ತಲೆ ಒರೆಸಿದಳು. ಅಷ್ಟರಲ್ಲಿ ಕಾಟಯ್ಯ ಏರಿ ಇಳಿಯುತ್ತ ಕೂಗಿ ಹೇಳಿದ. "ಗಾದ್ರಿ, ಒಂದು ಜೋಡಿ ಬಾತು ತಗೊಂಡು ಬಾ. ನಿಮ್ಮ ಚಿಗಪ್ಪನ್ನೂ ಎತ್ಕೊಂಡು ಬಾ, ಪಾಪ ನಡುಗ್ತಾವ್ನೆ."

"ತರ್ತೀನಿ ಯಜಮಾನ್ರೇ. ಎತ್ಕೊಂಡು ಬರ್ತೀನಿ," ಅಂದ ಗಾದ್ರಿ.

ಊರು ಜಗುಲಿಗೆ ಹೋಗಿ ಕಾಯಿತು. ಹೊತ್ತು ಹುಣಿಸೆಮರದ ನೆತ್ತಿಗೆ ನಾಲ್ಕು ಬೆರಳು, ಎರಡು ಬೆರಳು, ಒಂದು ಬೆರಳು. ಏರಿಯ ಮೇಲೆ ಗಾದ್ರಿ ಕಂಡ. ನಾಲ್ಕು ಹೆಜ್ಜೆ ನಡೆಯುತ್ತಾನೆ, ನಿಲ್ಲುತ್ತಾನೆ, ಏನೋ ಮಾಡುತ್ತಾನೆ, ಮತ್ತೆ ನಡೆಯುತ್ತಾನೆ. ಹೊತ್ತು ನೆತ್ತಿ ಮುಟ್ಟಿತು ಅನ್ನುವಾಗ ಬಂದು ಮುಟ್ಟಿದ. ಎಡಗೈಯಲ್ಲಿ ಕಾಲು ಕಟ್ಟಿದ ಜೋಡಿ ಬಾತು, ಅದನ್ನು ಜಗುಲಿಯ ಮೇಲೆ ಇಟ್ಟ. ಬೆನ್ನಿನಿಂದ ಗೋಣಿಚೀಲ ಇಳಿಸಿ ಅದರ ಪಕ್ಕಕ್ಕೆ ನಿಲ್ಲಿಸಿದ.

ಚೀಲದ ಬಾಯಿಂದ ಓಬಯ್ಯನ ತಲೆ ಹೊರಗಿತ್ತು. ಹುರಿಯನ್ನು ಮೈಸುತ್ತ ನೀಟಾಗಿ ಸುತ್ತಿತ್ತು. ಬೀಸುಕಲ್ಲಿನಷ್ಟು ಕಲ್ಲು ಅವನ ಕಂಕುಳಲ್ಲಿ ಸಿಗಿಸಿತ್ತು.

ಗಂಡ ಸತ್ತ ಮೇಲೆ ನಗದಿದ್ದ ದುರುಗವ್ವ ಅವತ್ತು ಕಂಬ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾಗಿ ಬೈಯುವುದು ನೆನಪಾಯಿತು.

"ಎತ್ಕೊಂಡು ಬಾ ಅಂದ್ರೆ ಇಷ್ಟೊತ್ತೇನೋ? ಹೊತ್ತು ದಾಟಿದ್ರೆ ಏನ್ ಗತಿ? ದಾರೀಲಿ ನಿಂತು ನಿಂತು ಏನ್ ಮಾಡ್ತಿದ್ದೆ?"

"ಏರಿ ಮೇಲೆ ಗಾಳಿ ಬದಲಾಯ್ತಾನೇ ಇತ್ತು ಕಣವ್ವ," ಅಂದ ಗಾದ್ರಿ. ಒಂದು ಬೆರಳು ಒದ್ದೆ ಮಾಡಿ ಮೇಲೆ ಹಿಡಿದು ನೋಡಿ, ಚೀಲವನ್ನು ಮೆಲ್ಲಗೆ ಇನ್ನೊಂದು ಸ್ವಲ್ಪ ಮೂಡಣಕ್ಕೆ ತಿರುಗಿಸಿದ.